ಗುರಿ ಬರೆಯುವ ದಿನಚರಿ: 52 ವಾರಗಳ ಬಳಕೆಯ ನಂತರ

ವರ್ಷದ ಮೊದಲ ವಾರ ಗುರಿಗಳನ್ನು ಬರೆದಿಟ್ಟು, ಮೂರನೆಯ ವಾರಕ್ಕೆ ಆ ಹಾಳೆ ಎಲ್ಲಿ ಹೋಯಿತೆಂದು ಹುಡುಕುವುದು ನನಗೆ ಬಹಳ ಕಾಲದ ರೂಢಿ. ಆದ್ದರಿಂದ ನಮ್ಮ ಚರ್ಚಿನ ಸಭೆಯ ಗೆಳೆಯರೊಬ್ಬರು, ಕ್ರೈಸ್ತ ವಿಶ್ವಾಸಿಗಳಿಗೆಂದೇ ರೂಪಿಸಿದ್ದು ಎಂದು ಹೇಳಿ ಒಂದು ಗುರಿ ದಿನಚರಿಯನ್ನು ಕೈಗಿತ್ತಾಗ, ನನ್ನಲ್ಲಿ ಉತ್ಸಾಹಕ್ಕಿಂತ ಅನುಮಾನವೇ ಹೆಚ್ಚಾಗಿತ್ತು. ಆದರೂ 52 ವಾರ ಅದನ್ನು ಬಳಸಿದ್ದೇನೆ. ಏನೂ ಬರೆಯದೆ ಬಿಟ್ಟ ವಾರಗಳಲ್ಲಿ ಬಿಟ್ಟೆನೆಂಬುದನ್ನಾದರೂ ಬರೆದಿದ್ದೇನೆ. ಇಂಥ ದಿನಚರಿಗಳು ಈಗ ಹಲವು ಬರುತ್ತಿವೆ, ಅವುಗಳ ಅಚ್ಚೂ ಬಹುಮಟ್ಟಿಗೆ ಒಂದೇ. ಹಾಗಾಗಿ ಇದರ ಪ್ರಕಾಶಕರ ಹೆಸರೆತ್ತದೆ, ಒಳಗಿನ ಪುಟಗಳು ಒಬ್ಬ ವಿಶ್ವಾಸಿಗೆ ಏನು ಮಾಡುತ್ತವೆ, ಏನು ಮಾಡುವುದಿಲ್ಲ ಎಂಬುದನ್ನಷ್ಟೇ ಬರೆಯುತ್ತೇನೆ.

ಹೊರಮೈಯ ವಿಷಯವನ್ನು ಬೇಗ ಮುಗಿಸಬಹುದು. ರಟ್ಟು ಗಟ್ಟಿಯಾಗಿದೆ, ಪುಸ್ತಕ ಮೇಜಿನ ಮೇಲೆ ಚಪ್ಪಟೆಯಾಗಿ ತೆರೆದು ನಿಲ್ಲುತ್ತದೆ, ಹೊಲಿಗೆ ವರ್ಷವಿಡೀ ಬಿಚ್ಚಲಿಲ್ಲ. ಕಾಗದ ಮಾತ್ರ ತೆಳು. ಶಾಯಿ ಪೆನ್ನಿನಲ್ಲಿ ಬರೆದರೆ ಹಿಂಬದಿಗೆ ಮೂಡುತ್ತದೆ, ನಾನು ಎರಡನೆಯ ವಾರಕ್ಕೇ ಪೆನ್ಸಿಲ್ಲಿಗೆ ಇಳಿದೆ. ತಾರೀಖುಗಳನ್ನು ಅಚ್ಚು ಮಾಡದೆ ಬಿಟ್ಟಿರುವುದು ಒಳ್ಳೆಯದಾಯಿತು. ಕ್ರಿಸ್‌ಮಸ್‌ಗೆ ಮೊದಲಿನ ನಾಲ್ಕನೆಯ ಭಾನುವಾರ, ಅಂದರೆ ಆಗಮನ ಕಾಲದ ಮೊದಲ ದಿನ, ಹಲವು ಸಭೆಗಳಿಗೆ ಹೊಸ ವರ್ಷ ಆರಂಭವಾಗುವ ದಿನ. ಜನವರಿ ಒಂದರ ಗದ್ದಲಕ್ಕೆ ಕಾಯದೆ ನಾನು ಅಂದೇ ಶುರುಮಾಡಿದೆ. ಕಾಯುವಿಕೆಗಾಗಿ ಮೀಸಲಾದ ಕಾಲದಲ್ಲಿ ಯೋಜನೆ ಬರೆಯಲು ಕುಳಿತದ್ದರಿಂದಲೋ ಏನೋ, ಮೊದಲ ಪುಟಗಳಲ್ಲಿ ನನ್ನ ಅಕ್ಷರ ಸ್ವಲ್ಪ ನಿಧಾನವಾಗಿದೆ.

ದಿನಚರಿಯ ಮೊದಲ ಪುಟ ನಮ್ಮ ಗುರಿ ಏನೆಂದು ಕೇಳುವುದಿಲ್ಲ. ಮನುಷ್ಯನ ಮುಖ್ಯ ಉದ್ದೇಶವೇನು ಎಂದು ಕೇಳುವ, 1647ರ ವೆಸ್ಟ್‌ಮಿನ್‌ಸ್ಟರ್ ಕಿರು ಪ್ರಶ್ನೋತ್ತರದ (ಕ್ರೈಸ್ತ ಬೋಧನೆಯನ್ನು ಪ್ರಶ್ನೆ-ಉತ್ತರಗಳಲ್ಲಿ ಕಲಿಸುವ ಪುಸ್ತಕ) ಮೊದಲ ಪ್ರಶ್ನೆಯನ್ನು ಅಲ್ಲಿ ಅಚ್ಚು ಮಾಡಿದ್ದಾರೆ. ದೇವರನ್ನು ಮಹಿಮೆಪಡಿಸುವುದು ಮತ್ತು ಎಂದೆಂದಿಗೂ ಆತನಲ್ಲಿ ಆನಂದಿಸುವುದು ಎಂಬುದು ಅದರ ಉತ್ತರ. ಅದರ ಕೆಳಗೆ ಅರ್ಧ ಪುಟ ಖಾಲಿ ಬಿಟ್ಟು, ಈ ಉತ್ತರ ನಿಮ್ಮ ಕಳೆದ ತಿಂಗಳ ಯಾವ ನಿರ್ಧಾರದಲ್ಲಾದರೂ ಕಾಣುತ್ತದೆಯೇ ಎಂದು ಕೇಳಿದ್ದಾರೆ. ಆ ಖಾಲಿ ಜಾಗ ತುಂಬಲು ನನಗೆ ಮೂರು ದಿನ ಹಿಡಿಯಿತು. ಅನಂತರ ಬದುಕನ್ನು ಏಳು ವಿಭಾಗ ಮಾಡಿ (ದೇವರೊಂದಿಗಿನ ಸಂಬಂಧ, ಕುಟುಂಬ, ಆರೋಗ್ಯ, ಉದ್ಯೋಗ, ಹಣ, ಸಭೆಯ ಸೇವೆ, ಕಲಿಕೆ) ಪ್ರತಿಯೊಂದಕ್ಕೂ ಒಂದು ಗುರಿ ಬರೆಸುತ್ತಾರೆ. ವರ್ಷವನ್ನು 13 ವಾರಗಳ ನಾಲ್ಕು ಭಾಗ ಮಾಡಲಾಗಿದೆ. ಪ್ರತಿ ವಾರಕ್ಕೆ ಎರಡು ಪುಟ: ಎಡಗಡೆ ಯೋಜನೆ, ಬಲಗಡೆ ಹಿನ್ನೋಟ. ದೇವರೊಂದಿಗಿನ ಸಂಬಂಧವೂ ಏಳರಲ್ಲಿ ಒಂದು ವಿಭಾಗವಾಗಿ, ಆರೋಗ್ಯದ ಪಕ್ಕದಲ್ಲಿ ಅದೇ ಅಳತೆಯ ಚೌಕದಲ್ಲಿ ಕುಳಿತಿರುವುದು ಮೊದಲ ಪುಟದ ಪ್ರಶ್ನೋತ್ತರಕ್ಕೆ ಹೊಂದುವುದಿಲ್ಲ ಎಂಬುದನ್ನು ರೂಪಿಸಿದವರು ಗಮನಿಸಿದಂತಿಲ್ಲ.

ಗುರಿ ಬರೆಯುವ ವಿಧಾನಕ್ಕೆ ಬಂದಾಗ ನನ್ನ ಅನುಮಾನ ನಿಜವಾಯಿತು. ನಿರ್ದಿಷ್ಟವಾಗಿರಬೇಕು, ಅಳೆಯುವಂತಿರಬೇಕು, ಸಾಧ್ಯವಿರಬೇಕು, ಗಡುವಿರಬೇಕು ಎಂಬ ಪಟ್ಟಿ ಇಲ್ಲಿಯೂ ಇದೆ. ಸ್ಮಾರ್ಟ್ (SMART) ಎಂಬ ಇಂಗ್ಲಿಷಿನ ಐದಕ್ಷರದ ಈ ಸೂತ್ರ 1981ರಲ್ಲಿ ಜಾರ್ಜ್ ಡೋರನ್ ಎಂಬುವರು ಒಂದು ಆಡಳಿತ ನಿಯತಕಾಲಿಕದಲ್ಲಿ ಬರೆದ ಲೇಖನದಿಂದ ಹೊರಟದ್ದು. ಅದು ಕಂಪನಿಗಳ ವ್ಯವಸ್ಥಾಪಕರಿಗಾಗಿ ಹುಟ್ಟಿತು, ಆ ಕೆಲಸಕ್ಕೆ ಅದರಲ್ಲಿ ಕೊರತೆಯೇನಿಲ್ಲ. ತೊಂದರೆ ಇರುವುದು ಆ ಸೂತ್ರದ ಪ್ರತಿಯೊಂದು ಅಕ್ಷರದ ಕೆಳಗೂ ಸತ್ಯವೇದದ (ಬೈಬಲಿನ) ಒಂದೊಂದು ವಚನವನ್ನು ಹೊಲಿದಿರುವುದರಲ್ಲಿ. ಅಳತೆಯ ಕೆಳಗೆ ಲೂಕನ ಸುವಾರ್ತೆಯ 14ನೆಯ ಅಧ್ಯಾಯದ, ಗೋಪುರ ಕಟ್ಟಬೇಕೆಂದಿರುವವನು ಮೊದಲು ಕುಳಿತು ಖರ್ಚನ್ನು ಲೆಕ್ಕಹಾಕುತ್ತಾನಲ್ಲವೇ ಎಂಬ ಮಾತಿದೆ. ನೋಡಲು ಬಹಳ ಚೆನ್ನಾಗಿ ಹೊಂದುತ್ತದೆ. ಆದರೆ ಅದೇ ಭಾಗದ ಕೊನೆಯಲ್ಲಿ, 33ನೆಯ ವಚನದಲ್ಲಿ, ತನಗಿರುವುದನ್ನೆಲ್ಲ ಬಿಟ್ಟುಬಿಡದವನು ನನ್ನ ಶಿಷ್ಯನಾಗಲಾರನು ಎಂದು ಯೇಸು ಹೇಳುತ್ತಾನೆ. ಅಲ್ಲಿ ಲೆಕ್ಕ ಹಾಕಬೇಕಾಗಿರುವುದು ನಮ್ಮ ಯೋಜನೆ ಯಶಸ್ವಿಯಾಗಲು ಬೇಕಾದ ಸಾಮಗ್ರಿಯನ್ನಲ್ಲ, ಆತನನ್ನು ಹಿಂಬಾಲಿಸಿದರೆ ಕಳೆದುಕೊಳ್ಳಬೇಕಾದದ್ದನ್ನು. ದಿನಚರಿ ಆ ವಚನದ ಮುಂಚೆಯೇ ಕತ್ತರಿ ಆಡಿಸಿದೆ.

ಹಣದ ಪುಟದ ತಲೆಬರಹದಲ್ಲಿ ಯೆರೆಮೀಯನ 29ನೆಯ ಅಧ್ಯಾಯದ 11ನೆಯ ವಚನವಿದೆ, ಎಲ್ಲೆಡೆ ಗೋಡೆಗಳ ಮೇಲೆ ತೂಗುವ ಅದೇ ವಚನ: ನಿಮ್ಮ ವಿಷಯದಲ್ಲಿ ನನಗಿರುವ ಆಲೋಚನೆಗಳು ಹಿತದ ಆಲೋಚನೆಗಳು ಎಂಬರ್ಥದ್ದು. ಅದು ಬಾಬೆಲಿಗೆ ಸೆರೆಯಾಗಿ ಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯನು ಬರೆದ ಪತ್ರ. ಅವರು ಹಿಂದಿರುಗುವುದಕ್ಕೆ ಹಿಂದಿನ ವಚನದಲ್ಲೇ 70 ವರ್ಷಗಳ ಲೆಕ್ಕವಿದೆ. ಅಂದರೆ ಆ ಪತ್ರವನ್ನು ಕೇಳಿಸಿಕೊಂಡ ವಯಸ್ಕರಲ್ಲಿ ಹೆಚ್ಚಿನವರು ಆ ಹಿತವನ್ನು ಕಣ್ಣಾರೆ ಕಾಣುವ ಸಂಭವವಿರಲಿಲ್ಲ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿಕೊಳ್ಳಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದು ಅವರಿಗೆ ಹೇಳಲಾಯಿತು. ಇದನ್ನು ಮೂರು ತಿಂಗಳ ಉಳಿತಾಯದ ಗುರಿಯ ಮೇಲೆ ಅಂಟಿಸಿದರೆ ವಚನವೂ ಹಗುರವಾಗುತ್ತದೆ, ಉಳಿತಾಯವೂ ಅನಗತ್ಯವಾಗಿ ಭಾರವಾಗುತ್ತದೆ. ಉದ್ಯೋಗದ ಪುಟದ ಮೇಲಿರುವ ಫಿಲಿಪ್ಪಿ ಪತ್ರಿಕೆಯ 4:13ಕ್ಕೂ (ನನ್ನನ್ನು ಬಲಪಡಿಸುವಾತನಲ್ಲಿ ಎಲ್ಲಕ್ಕೂ ಶಕ್ತನಾಗಿದ್ದೇನೆ ಎಂಬರ್ಥದ್ದು) ಇದೇ ಗತಿ: ಕೊರತೆಯಲ್ಲಿಯೂ ಸಮೃದ್ಧಿಯಲ್ಲಿಯೂ ಇರಲು ಕಲಿತಿದ್ದೇನೆ ಎಂಬ ಅದರ ಹಿಂದಿನ ಮಾತನ್ನು ಅಪೊಸ್ತಲ ಪೌಲನು ಬೇಡಿಯಲ್ಲಿದ್ದು ಬರೆದನು, ಬಡ್ತಿಯ ನಿರೀಕ್ಷೆಯಲ್ಲಿದ್ದಲ್ಲ.

ಇಷ್ಟು ಬೈದ ಮೇಲೆ, ಈ ಪುಸ್ತಕದ ಅತ್ಯುತ್ತಮ ಪುಟವೂ ವಚನದ ಮೇಲೆಯೇ ನಿಂತಿದೆ ಎಂದು ಹೇಳದಿದ್ದರೆ ಅನ್ಯಾಯವಾದೀತು. ಪ್ರತಿ 13 ವಾರಕ್ಕೊಮ್ಮೆ ಬರುವ ಮನೆವಾರ್ತೆಯ ಪುಟ, ಅಂದರೆ ದೇವರು ಒಪ್ಪಿಸಿದ್ದನ್ನು ನೋಡಿಕೊಳ್ಳುವ ಹೊಣೆಯ ಪುಟ, ಯಜಮಾನನೊಬ್ಬನು ತನ್ನ ಹಣವನ್ನು ಆಳುಗಳಿಗೆ ಒಪ್ಪಿಸಿ ಹೋಗುವ, ಮತ್ತಾಯನ 25ನೆಯ ಅಧ್ಯಾಯದ ತಲಾಂತುಗಳ ಸಾಮ್ಯದಿಂದ ಶುರುವಾಗುತ್ತದೆ. ಒಂದು ತಲಾಂತೆಂದರೆ ಸುಮಾರು 6,000 ದಿನಗೂಲಿಗಳಷ್ಟು ಬೆಳ್ಳಿ, ಕೂಲಿಯಾಳೊಬ್ಬನ ಇಪ್ಪತ್ತು ವರ್ಷದ ದುಡಿಮೆ, ಎಂದು ಅಲ್ಲಿ ವಿವರಿಸಿದ್ದಾರೆ. ಎಲ್ಲರಿಗಿಂತ ಕಡಿಮೆ ಸಿಕ್ಕಿ, ಅದನ್ನೂ ಹೆದರಿ ನೆಲದಲ್ಲಿ ಹೂತಿಟ್ಟವನ ಕೈಯಲ್ಲಿದ್ದದ್ದೂ ಸಣ್ಣ ಮೊತ್ತವಲ್ಲ ಎಂಬುದು ನನಗೆ ಅಲ್ಲಿಯೇ ಮೊದಲ ಸಲ ಹೊಳೆದದ್ದು. ಕೆಳಗೆ ಎರಡೇ ಪ್ರಶ್ನೆ: ನಿಮ್ಮ ಕೈಯಲ್ಲಿರುವ ಯಾವುದು ನಿಮ್ಮದಲ್ಲ? ಅದರಲ್ಲಿ ಯಾವುದನ್ನು ಹೆದರಿಕೆಯಿಂದ ಹೂತಿಟ್ಟಿದ್ದೀರಿ? ಮೊದಲ ಬಾರಿ ನಾನು ಸಮಯ, ಆರೋಗ್ಯ, ಓದು ಎಂದು ಸಲೀಸಾಗಿ ಬರೆದೆ. ಎರಡನೆಯ ಬಾರಿ, 26ನೆಯ ವಾರದಲ್ಲಿ, ಎರಡನೆಯ ಪ್ರಶ್ನೆಯ ಮುಂದೆ ನನ್ನ ಅಣ್ಣನ ಹೆಸರು ಬರೆದೆ. ನಾವಿಬ್ಬರೂ ಮಾತುಬಿಟ್ಟು ಆರು ವರ್ಷವಾಗಿತ್ತು. ಅಣ್ಣನೆಂಬ ಸಂಬಂಧವನ್ನು ನನಗೆ ಒಪ್ಪಿಸಿದ ಸ್ವತ್ತೆಂದು ನಾನು ಯಾವತ್ತೂ ಲೆಕ್ಕಿಸಿರಲಿಲ್ಲ. ಕುಟುಂಬದ ಚೌಕದಲ್ಲಿ ಅದುವರೆಗೆ ಇದ್ದ ಗುರಿ, ವಾರಕ್ಕೊಂದು ಸಂಜೆ ಮಕ್ಕಳೊಂದಿಗೆ ಕಳೆಯುವುದು.

ಈಗ ಅಂಕಗಳ ಪುಟಕ್ಕೆ ಬರುತ್ತೇನೆ. ಪ್ರತಿ ಶನಿವಾರ ಏಳು ವಿಭಾಗಗಳಿಗೂ ಹತ್ತರಲ್ಲಿ ಅಂಕ ಕೊಟ್ಟುಕೊಳ್ಳಬೇಕು, ಅವನ್ನು ಕೂಡಿ ಎಪ್ಪತ್ತಕ್ಕೆ ಎಷ್ಟೆಂದು ಬಲಪುಟದ ಮೂಲೆಯಲ್ಲಿ ಬರೆಯಬೇಕು, 13 ವಾರದ ಕೊನೆಗೆ ಅವುಗಳ ಗೆರೆಚಿತ್ರ ಎಳೆಯಬೇಕು. ನಡಿಗೆಗೆ, ಖರ್ಚಿಗೆ, ಓದಿದ ಪುಟಗಳಿಗೆ ಇದು ನಡೆಯುತ್ತದೆ. ಪ್ರಾರ್ಥನೆಗೆ ಹತ್ತರಲ್ಲಿ ಎಷ್ಟು ಕೊಡುವುದು? ಮೊದಮೊದಲು ನಿಮಿಷಗಳ ಲೆಕ್ಕದಲ್ಲಿ ಕೊಟ್ಟೆ. ಎಂಟನೆಯ ವಾರ ಎಂಟು ಅಂಕ ಬಂದಾಗ ನನಗಾದ ಸಂತೋಷವನ್ನು ಈಗ ನೆನೆದರೆ ಮುಜುಗರವಾಗುತ್ತದೆ, ಏಕೆಂದರೆ ಆ ವಾರದ ಹಿನ್ನೋಟದಲ್ಲಿ ಯಾರಿಗಾಗಿ ಪ್ರಾರ್ಥಿಸಿದೆ ಎಂಬ ಸಾಲೇ ಖಾಲಿಯಿದೆ. ಲೂಕನ 18ನೆಯ ಅಧ್ಯಾಯದಲ್ಲಿ ದೇವಾಲಯಕ್ಕೆ ಬಂದ ಫರಿಸಾಯನು (ಧರ್ಮನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದ್ಯ ಪಂಥದವನು) ವಾರಕ್ಕೆ ಎರಡಾವರ್ತಿ ಉಪವಾಸ, ಸಂಪಾದಿಸಿದ್ದರಲ್ಲೆಲ್ಲ ದಶಮಾಂಶ ಎಂದು ಲೆಕ್ಕ ಒಪ್ಪಿಸುತ್ತಾನೆ. ಅವನು ಸುಳ್ಳು ಹೇಳಿದನೆಂದು ಎಲ್ಲಿಯೂ ಇಲ್ಲ. ಅವನ ಚೌಕಗಳೆಲ್ಲ ನಿಜವಾಗಿಯೂ ತುಂಬಿದ್ದವು. ಅದೇ ದೇವಾಲಯದಲ್ಲಿ ದೂರ ನಿಂತು ಎದೆ ಬಡಿದುಕೊಂಡ ಸುಂಕದವನ ಬಳಿ ತೋರಿಸಲು ಒಂದು ಗೆರೆಚಿತ್ರವೂ ಇರಲಿಲ್ಲ, ನೀತಿವಂತನೆನಿಸಿ ಮನೆಗೆ ಹೋದವನು ಅವನೇ.

ಹಾಗೆಂದು ತನ್ನನ್ನು ತಾನು ಪರೀಕ್ಷಿಸಿಕೊಂಡು ಗುರುತು ಹಾಕುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಸಭೆಯ ಇತಿಹಾಸದಲ್ಲಿ ಅದಕ್ಕೆ ಗೌರವದ ಸ್ಥಾನವಿದೆ. ಯೇಸುಸಭೆಯ ಸ್ಥಾಪಕರಾದ ಲೊಯೋಲಾದ ಇಗ್ನೇಷಿಯಸ್ಸರ, 1548ರಲ್ಲಿ ಪೋಪರ ಒಪ್ಪಿಗೆ ಪಡೆದ ಆತ್ಮಸಾಧನೆಯ ಕೈಪಿಡಿಯಲ್ಲಿ ವಾರದ ದಿನಗಳಿಗೆ ಗೆರೆಗಳನ್ನೆಳೆದು, ತಿದ್ದಿಕೊಳ್ಳಬೇಕೆಂದಿರುವ ಒಂದು ದೋಷಕ್ಕೆ ಎಷ್ಟು ಸಲ ಬಿದ್ದೆನೋ ಅಷ್ಟು ಚುಕ್ಕಿ ಇಡುವ ಪದ್ಧತಿಯಿದೆ. ಅದು ಒಂದು ಸಲಕ್ಕೆ ಒಂದೇ ದೋಷವನ್ನು ಹಿಡಿಯುತ್ತದೆ. ಲೆಕ್ಕ ಹಾಕುವುದು ಬಿದ್ದದ್ದನ್ನು, ಗೆದ್ದದ್ದನ್ನಲ್ಲ. ಮತ್ತು ಆ ಲೆಕ್ಕ ಕೃಪೆಯನ್ನು ಬೇಡುವುದಕ್ಕೆ ತಿರುಗುತ್ತದೆ. ಅಮೆರಿಕದ ಬೋಧಕ ಜೊನಾಥನ್ ಎಡ್ವರ್ಡ್ಸ್ ಹತ್ತೊಂಬತ್ತರ ಆಸುಪಾಸಿನಲ್ಲಿ, 1722 ಮತ್ತು 1723ರಲ್ಲಿ, ತನಗಾಗಿ 70 ನಿರ್ಧಾರಗಳನ್ನು ಬರೆದುಕೊಂಡನು, ವಾರಕ್ಕೊಮ್ಮೆ ಅವನ್ನು ಓದಿಕೊಳ್ಳುವುದೆಂದೂ ನಿಶ್ಚಯಿಸಿದನು. ಒಂದು ಕ್ಷಣವನ್ನೂ ವ್ಯರ್ಥ ಮಾಡುವುದಿಲ್ಲ ಎಂಬಂಥ ಕಟ್ಟುನಿಟ್ಟಿನ ಸಾಲುಗಳು ಅಲ್ಲಿವೆ. ಆದರೆ ಪಟ್ಟಿ ಶುರುವಾಗುವ ಮೊದಲೇ, ದೇವರ ಸಹಾಯವಿಲ್ಲದೆ ತನ್ನಿಂದ ಏನೂ ಆಗದು ಎಂದು ಒಪ್ಪಿಕೊಂಡು, ಆತನ ಚಿತ್ತಕ್ಕೆ ಹೊಂದುವ ಮಟ್ಟಿಗೆ ಇವನ್ನು ಪಾಲಿಸುವಂತೆ ಮಾಡೆಂದು ಬೇಡಿಕೊಂಡಿದ್ದಾನೆ. ನನ್ನ ದಿನಚರಿಯ ಅಂಕಪುಟದಲ್ಲಿ ಅಂಥ ಪೀಠಿಕೆಗೆ ಒಂದು ಗೆರೆಯ ಜಾಗವೂ ಇಲ್ಲ.

ಕೊನೆಯಲ್ಲಿರುವ ಸತ್ಯವೇದ ಓದಿನ ನಕಾಶೆಯಲ್ಲಿ 1,189 ಪುಟ್ಟ ಚೌಕಗಳಿವೆ, ಅಧ್ಯಾಯಕ್ಕೊಂದು. ವರ್ಷದಲ್ಲಿ ಮುಗಿಸಬೇಕಾದರೆ ದಿನಕ್ಕೆ ಮೂರು ಅಧ್ಯಾಯ ಸಾಲದು, ನಾಲ್ಕು ಬೇಡ. ನಾನು ಎಲ್ಲರಂತೆ ಯಾಜಕಕಾಂಡದಲ್ಲಿ ಎಡವಿದೆ, ಎದ್ದೆ, ಪೂರ್ವಕಾಲವೃತ್ತಾಂತದ ವಂಶಾವಳಿಗಳಲ್ಲಿ ಕಣ್ಣಾಡಿಸಿ ಚೌಕಗಳನ್ನು ಕಪ್ಪು ಮಾಡಿದೆ. ಕಣ್ಣಾಡಿಸಿದ್ದಕ್ಕೂ ಓದಿದ್ದಕ್ಕೂ ಚೌಕ ಒಂದೇ ಬಣ್ಣ. ವರ್ಷಾವಧಿ ಓದಿನ ಯೋಜನೆಗಳಲ್ಲಿ ಹೆಸರಾದದ್ದನ್ನು 1842ರಲ್ಲಿ ತನ್ನ ಸಭೆಗಾಗಿ ರೂಪಿಸಿದ ಸ್ಕಾಟ್ಲೆಂಡಿನ ಯುವ ಸಭಾಪಾಲಕ ರಾಬರ್ಟ್ ಮರ್ರೆ ಮ್ಯಾಕ್‌ಚೇನ್, ಯೋಜನೆಯ ಜೊತೆಗೇ ಅದರ ಅಪಾಯಗಳನ್ನೂ ಬರೆದುಕೊಟ್ಟಿದ್ದನು: ಬರೀ ಆಚರಣೆಯಾಗಿಬಿಡುವುದು, ತಾನೇ ನೀತಿವಂತನೆಂಬ ಹೆಮ್ಮೆ ತಲೆಯೆತ್ತುವುದು, ಅಸಡ್ಡೆಯ ಓದು, ಹೊರಲಾರದ ನೊಗ. ಗುರಿಯ ಸಾಧನವನ್ನು ಮಾಡಿಕೊಡುವವರೆಲ್ಲ ಇಂಥ ಒಂದು ಎಚ್ಚರಿಕೆಯ ಹಾಳೆಯನ್ನು ಒಳಗಿಡಬೇಕಿತ್ತು.

ನನ್ನ ಮುಖ್ಯ ತಕರಾರು ಎಡಪುಟದ ಕೆಳಗಿನ ಒಂದು ಚಿಕ್ಕ ಅಂಕಣದ ಬಗ್ಗೆ. ಅದರ ಹೆಸರು ಅಡ್ಡಿಗಳು. ಈ ವಾರ ನಿಮ್ಮ ಗುರಿಗೆ ಅಡ್ಡ ಬಂದದ್ದೇನು, ಅದನ್ನು ಮುಂದಿನ ವಾರ ಹೇಗೆ ನಿವಾರಿಸುತ್ತೀರಿ ಎಂದು ಕೇಳುತ್ತದೆ. ಮೊದಲ ವಾರಗಳಲ್ಲಿ ನಾನು ಅಲ್ಲಿ ಬರೆದದ್ದು ಮೊಬೈಲು, ನಿದ್ದೆ, ಸೋಮಾರಿತನ. ಹದಿನೇಳನೆಯ ವಾರ ಅಮ್ಮ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆ, ಆಮೇಲೆ ಮನೆಯಲ್ಲಿ ಆರೈಕೆ. ರಾತ್ರಿ ಎರಡೆರಡು ಸಲ ಎಬ್ಬಿಸಿ ಮಗ್ಗುಲು ಬದಲಿಸಬೇಕಿತ್ತು. ಆ ಶನಿವಾರ ದಿನಚರಿ ತೆರೆದು, ಅಭ್ಯಾಸಬಲದಿಂದ ಅಡ್ಡಿಗಳ ಅಂಕಣದಲ್ಲಿ ಅಮ್ಮ ಎಂದು ಬರೆದೆ. ಪೆನ್ಸಿಲ್ಲಿನಲ್ಲಿ ಬರೆದದ್ದು, ಅಳಿಸಬಹುದಿತ್ತು. ಅಳಿಸಲಿಲ್ಲ, ಈಗಲೂ ಇದೆ. ಅದರ ಮುಂದಿನ ಸಾಲು ಕೇಳುತ್ತಿತ್ತು: ಹೇಗೆ ನಿವಾರಿಸುತ್ತೀರಿ? ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ನಾನು ಕುಳಿತದ್ದನ್ನು ನೋಡಿ ಅಮ್ಮ, “ಅದೇನು ಅಷ್ಟು ಯೋಚನೆ ಮಾಡಿ ಬರೀತಿದ್ದೀಯ?” ಎಂದು ಕೇಳಿದರು. ನಾನು ಪುಸ್ತಕ ಮುಚ್ಚಿದೆ.

ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯದಲ್ಲಿ ಪೌಲನು ಆಸ್ಯ ಸೀಮೆಯಲ್ಲಿ ಸಾರದಂತೆ ಪವಿತ್ರಾತ್ಮನು ತಡೆಯುತ್ತಾನೆ; ಬಿಥೂನ್ಯಕ್ಕೆ ಹೋಗಲು ನೋಡಿದರೆ ಅಲ್ಲಿಗೂ ಬಿಡುವುದಿಲ್ಲ; ತ್ರೋವಕ್ಕೆ ಬಂದ ಮೇಲೆ ರಾತ್ರಿ ಮಕೆದೋನ್ಯದವನೊಬ್ಬನು ಕರೆಯುವ ದರ್ಶನವಾಗುತ್ತದೆ. ಮಕೆದೋನ್ಯದ ಫಿಲಿಪ್ಪಿ ಪಟ್ಟಣದ ಸಭೆ ಹುಟ್ಟಿದ್ದು ಹಾಗೆ. ನನ್ನ ದಿನಚರಿಯನ್ನು ಪೌಲನ ಕೈಗೆ ಕೊಟ್ಟಿದ್ದರೆ ಅವನು ಆ ವಾರ ಅಡ್ಡಿಗಳ ಅಂಕಣದಲ್ಲಿ ಪವಿತ್ರಾತ್ಮನೆಂದು ಬರೆಯಬೇಕಾಗುತ್ತಿತ್ತು. ಪೌಲನಿಗೆ ಯೋಜನೆಗಳೇ ಇರಲಿಲ್ಲ ಎಂದೇನಲ್ಲ. ರೋಮಾಪುರದವರಿಗೆ ಬರೆಯುವಾಗ, ನಿಮ್ಮನ್ನು ನೋಡಿಕೊಂಡು ಸ್ಪೇನ್ ದೇಶಕ್ಕೆ ಹೋಗುತ್ತೇನೆ ಎಂದು ದಾರಿಯ ಸಮೇತ ಹೇಳುತ್ತಾನೆ. ರೋಮ್‌ಗೆ ಅವನು ಹೋದದ್ದು ಕೈದಿಯಾಗಿ. ಸ್ಪೇನಿನ ಸುದ್ದಿಯನ್ನು ಅಪೊಸ್ತಲರ ಕೃತ್ಯಗಳು ಮುಂದೆ ಎತ್ತುವುದೇ ಇಲ್ಲ. ನಾಳೆ ಇಂಥ ಪಟ್ಟಣಕ್ಕೆ ಹೋಗಿ ಒಂದು ವರ್ಷ ಇದ್ದು ವ್ಯಾಪಾರ ಮಾಡಿ ಲಾಭ ಗಳಿಸುತ್ತೇವೆ ಎನ್ನುವವರನ್ನು ತನ್ನ ಪತ್ರಿಕೆಯಲ್ಲಿ ಗದರಿಸುವ ಯಾಕೋಬನೂ ವ್ಯಾಪಾರ ಬಿಡಿ ಎನ್ನುವುದಿಲ್ಲ. ಕರ್ತನ ಚಿತ್ತವಿದ್ದರೆ ಬದುಕಿದ್ದು ಇದನ್ನೋ ಅದನ್ನೋ ಮಾಡುತ್ತೇವೆ ಎಂದು ಹೇಳಿಕೊಳ್ಳಿ ಎನ್ನುತ್ತಾನೆ. ಹಿರಿಯರ ಪತ್ರಗಳಲ್ಲಿ ಬಾಯಿಪಾಠದಂತೆ ಬರುತ್ತಿದ್ದ ಆ ಒಂದು ನುಡಿ, ಕ್ರೈಸ್ತರಿಗೆಂದೇ ಮಾಡಿದ ಈ ದಿನಚರಿಯ ಎಲ್ಲ ಪುಟಗಳಲ್ಲಿ ಒಮ್ಮೆಯೂ ಇಲ್ಲ.

ಅಂದಿನಿಂದ ನಾನು ಅಡ್ಡಿಗಳು ಎಂಬ ತಲೆಬರಹವನ್ನು ಹೊಡೆದುಹಾಕಿ, ಬಂದದ್ದು ಎಂದು ಬರೆದುಕೊಳ್ಳತೊಡಗಿದೆ. ಬಂದದ್ದರಲ್ಲಿ ಕೆಲವು ನಿಜವಾಗಿಯೂ ಅಡ್ಡಿ, ಮೊಬೈಲು ಅವತ್ತೂ ಅಡ್ಡಿಯೇ. ಕೆಲವು ಕೆಲಸವೇ ಆಗಿದ್ದವು. ಆ ತಿಂಗಳುಗಳಲ್ಲಿ ಕಲಿಕೆಯ ಗುರಿ ಪೂರ್ತಿ ಬಿದ್ದುಹೋಯಿತು, ಉದ್ಯೋಗದ ಗುರಿ ಕುಂಟಿತು, ಎಪ್ಪತ್ತಕ್ಕೆ ನನ್ನ ಮೊತ್ತ ಮೂವತ್ತರ ಆಚೆಗೆ ಹೋಗಲಿಲ್ಲ. ಕೀರ್ತನೆಗಳನ್ನು ಮಾತ್ರ ಅಮ್ಮನಿಗೆ ಕೇಳಿಸುವಂತೆ ಗಟ್ಟಿಯಾಗಿ ಓದಿದ್ದರಿಂದ, ಆ 150 ಚೌಕಗಳ ಬಗ್ಗೆ ನನಗೆ ಯಾವ ಅಳುಕೂ ಇಲ್ಲ.

ಅಣ್ಣನ ವಿಷಯದಲ್ಲೂ ದಿನಚರಿಯ ಸೂತ್ರ ಕೈಕೊಟ್ಟಿತು. ಗುರಿ ಫಲಿತಾಂಶದ ರೂಪದಲ್ಲಿರಬೇಕು ಎಂಬ ನಿಯಮದಂತೆ ನಾನು, 39ನೆಯ ವಾರದೊಳಗೆ ಅಣ್ಣನೊಂದಿಗೆ ರಾಜಿ, ಎಂದು ಬರೆದಿದ್ದೆ. ರಾಜಿಗೆ ಎರಡು ಕೈ ಬೇಕು, ಒಂದು ಮಾತ್ರ ನನ್ನದು. ರೋಮಾಪುರದವರಿಗೆ ಬರೆದ ಪತ್ರಿಕೆಯ 12ನೆಯ ಅಧ್ಯಾಯದಲ್ಲಿ ಪೌಲನು, ಸಾಧ್ಯವಾದರೆ, ನಿಮ್ಮಿಂದಾಗುವ ಮಟ್ಟಿಗೆ, ಎಲ್ಲರೊಂದಿಗೆ ಸಮಾಧಾನದಿಂದಿರಿ ಎಂದು ಎರಡು ಷರತ್ತು ಹಾಕುತ್ತಾನೆ. ಆ ಎರಡು ಷರತ್ತುಗಳನ್ನು ಇಟ್ಟುಕೊಂಡು ಗುರಿಯನ್ನು ತಿದ್ದಿದೆ: ತಪ್ಪಾಯಿತೆಂದು ನನ್ನ ಪಾಲಿನದನ್ನು ಒಪ್ಪಿ ಪತ್ರ ಬರೆಯುವುದು, ತಿಂಗಳಿಗೊಮ್ಮೆ ಭಾನುವಾರ ಸಂಜೆ ಫೋನ್ ಮಾಡುವುದು. ಮೂರು ಸಲ ಕರೆ ಎತ್ತಲಿಲ್ಲ. ನಾಲ್ಕನೆಯ ಸಲ ಅತ್ತಿಗೆ ಎತ್ತಿ ಅಮ್ಮನ ಆರೋಗ್ಯ ವಿಚಾರಿಸಿದರು. ಹಿನ್ನೋಟದ ಪುಟದಲ್ಲಿ ಇದಕ್ಕೆ ಪೂರ್ತಿ, ಅಪೂರ್ಣ ಎಂಬ ಎರಡೇ ಚೌಕಗಳಿದ್ದವು; ಎರಡನ್ನೂ ಖಾಲಿ ಬಿಟ್ಟಿದ್ದೇನೆ.

ಹಿನ್ನೋಟದ ಪುಟವನ್ನು ಹೊಗಳದೆ ಮುಗಿಸಲಾರೆ. ಈ ವಾರ ಯಾವುದಕ್ಕೆ ಕೃತಜ್ಞತೆ, ಯಾವುದಕ್ಕೆ ಪಶ್ಚಾತ್ತಾಪ, ಯಾರಿಗಾಗಿ ಪ್ರಾರ್ಥನೆ ಎಂಬ ಮೂರು ಸಾಲುಗಳ ಕೆಳಗೆ ಮುಕ್ಕಾಲು ಪುಟ ಖಾಲಿ ಜಾಗ. ನಾನು ದಿನಚರಿಗೆ ಕಟ್ಟುಬಿದ್ದು ಮುಂದುವರಿದದ್ದು ಆ ಪುಟದಿಂದಾಗಿ. ತಿಂಗಳಿಗೊಮ್ಮೆ ವಿಶ್ವಾಸದ ಒಡನಾಡಿಯೊಬ್ಬರಿಗೆ ಅದನ್ನು ಓದಿ ಹೇಳಿ ಅವರ ಸಹಿ ಪಡೆಯಬೇಕೆಂಬ ನಿಯಮವೂ ಸರಿಯಾದದ್ದು. ನನ್ನ ಗೆಳೆಯರು ಸಹಿ ಹಾಕುವ ಮೊದಲು ಪ್ರತಿ ಸಲ ಕೇಳುತ್ತಿದ್ದ, ಇದರಲ್ಲಿ ಬರೆಯದೆ ಬಿಟ್ಟದ್ದೇನು ಎಂಬ ಪ್ರಶ್ನೆಯನ್ನು ಅಚ್ಚಿನಲ್ಲೇ ಸೇರಿಸಬಹುದಿತ್ತು. ಅಂದಹಾಗೆ, ಪಾರಸಿಯ ರಾಜನ ಸೇವೆಯಲ್ಲಿದ್ದ ನೆಹೆಮೀಯನು ಯೆರೂಸಲೇಮಿನ ಗೋಡೆಯನ್ನು 52 ದಿನಗಳಲ್ಲಿ ಕಟ್ಟಿ ಮುಗಿಸಿದನೆಂಬುದನ್ನು ದಿನಚರಿಯ ಹಿಂಬದಿ ರಟ್ಟಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಹಾಕಿದ್ದಾರೆ. 52 ವಾರದಲ್ಲಿ ನನ್ನ ಏಳು ಗುರಿಗಳಲ್ಲಿ ಮುಗಿದವು ಎರಡು. ಗೋಡೆಯ ಲೆಕ್ಕದ ಬದಲು, ಆ ಕೆಲಸಕ್ಕೆ ಹೊರಡುವ ಮುನ್ನ ಆ ರಾಜನು ನಿನಗೇನು ಬೇಕೆಂದು ಕೇಳಿದಾಗ ಉತ್ತರ ಕೊಡುವ ಮೊದಲು ನೆಹೆಮೀಯನು ಪರಲೋಕದ ದೇವರಿಗೆ ಪ್ರಾರ್ಥಿಸಿದನೆಂಬ ಸಂಗತಿಯನ್ನು ಅಲ್ಲಿ ಹಾಕಿದ್ದರೆ ನನಗೆ ಹೆಚ್ಚು ಉಪಯೋಗವಾಗುತ್ತಿತ್ತು.

ಹೊಸದಾಗಿ ವಿಶ್ವಾಸಕ್ಕೆ ಬಂದವರಿಗೆ, ತಮ್ಮನ್ನು ತಾವು ಬೈದುಕೊಳ್ಳುವ ಸ್ವಭಾವದವರಿಗೆ ಈ ದಿನಚರಿಯನ್ನು ಹೀಗೆಯೇ ಕೊಡಲು ನಾನು ಹಿಂಜರಿಯುತ್ತೇನೆ. ಅಂಕಗಳ ಪುಟ ಅವರನ್ನು ಹಣಿಯಬಹುದು. ಶಿಸ್ತಿಲ್ಲದೆ ದಿನ ಕಳೆಯುವ ನನ್ನಂಥವರು, ಜೊತೆಗೆ ಓದಿಕೊಳ್ಳಲು ಒಬ್ಬರು ಒಡನಾಡಿ ಸಿಗುವುದಾದರೆ, ಧಾರಾಳವಾಗಿ ಕೊಳ್ಳಬಹುದು. ಮುಂದಿನ ಆಗಮನ ಕಾಲಕ್ಕೆ ನಾನು ಇನ್ನೊಂದು ಪ್ರತಿ ತರಿಸಿಕೊಂಡಿದ್ದೇನೆ. ಅಂಕದ ಕೋಷ್ಟಕಗಳ ಮೇಲೆ ಬಿಳಿ ಕಾಗದ ಅಂಟಿಸುವ ಕೆಲಸ ಅರ್ಧ ಮುಗಿದಿದೆ, ಗೋಂದು ಆರಲು ಪುಟಗಳ ನಡುವೆ ರಟ್ಟಿನ ಚೂರುಗಳನ್ನು ಇಟ್ಟಿದ್ದೇನೆ. ಕರ್ತನ ಚಿತ್ತವಿದ್ದರೆ ಎಂಬ ಮಾತನ್ನು ಪ್ರತಿ ಎಡಪುಟದ ತಲೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆಯುತ್ತಾ ಬಂದು ಈ ಹೊತ್ತಿಗೆ ಇಪ್ಪತ್ತೊಂದನೆಯ ವಾರಕ್ಕೆ ತಲುಪಿದ್ದೇನೆ.